ಬಾಳೆಎಲೆ ಊಟವೋ, ಗಂಜಿಯೋ: ಮಂಗಳೂರಿನಿಂದ ಕಾರವಾರಕ್ಕೆ ಸೈಕಲ್ ತುಳಿದು ಕಂಡದ್ದು

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ಡಿಸೆಂಬರ್‌ನಲ್ಲಿ ನಾನೂ ಗೆಳೆಯನೂ ಅದನ್ನು ಮೂರು ದಿನಕ್ಕೆ ಹಂಚಿಕೊಂಡು ಹೊರಟೆವು.

ಮೊದಲ ಮಧ್ಯಾಹ್ನ ಬ್ರಹ್ಮಾವರದಲ್ಲಿ ಬಾಳೆಎಲೆ ಊಟ. ಸಾರು, ಹುಳಿ, ಎರಡು ಪಲ್ಯ, ಹಪ್ಪಳ, ಪಾಯಸ. ಹಸಿದಿದ್ದೆವು, ಎರಡೆರಡು ಸಲ ಬಡಿಸಿಕೊಂಡೆವು. ರುಚಿಗೆ ಕೊರತೆಯೇ ಇರಲಿಲ್ಲ. ಆದರೆ ಸೈಕಲ್ ಹತ್ತಿ ಮುಂದಕ್ಕೆ ಬಾಗಿದಾಗಲೆಲ್ಲ ತೇಗು, ಕಣ್ಣಿಗೆ ಜೋಂಪು. ಕುಂದಾಪುರ ಮುಟ್ಟುವಷ್ಟರಲ್ಲಿ ಮೂರು ಕಡೆ ಇಳಿದು ನಿಂತೆವು.

ಮರುದಿನ ಭಟ್ಕಳ ದಾಟಿ ಸಣ್ಣದೊಂದು ಹೋಟೆಲಿನಲ್ಲಿ ಗಂಜಿ ಊಟ. ಕುಚ್ಚಲಕ್ಕಿ ಗಂಜಿ, ಕಾಯಿ ಚಟ್ನಿ, ಮಿಡಿ ಉಪ್ಪಿನಕಾಯಿ. ಗೆಳೆಯ ಬಂಗುಡೆ ಫ್ರೈ ಹೇಳಿದ. ನಾನು ಬಯಲುಸೀಮೆಯವನು, ನಮ್ಮಲ್ಲಿ ಗಂಜಿಯೆಂದರೆ ಜ್ವರ ಬಂದವರ ಊಟ. ಇಲ್ಲಿ ಗದ್ದೆಯಲ್ಲಿ ದುಡಿಯುವವರು ಇದನ್ನೇ ಯಾಕೆ ಉಣ್ಣುತ್ತಾರೆಂದು ಅಂದು ಅರ್ಥವಾಯಿತು. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ನೀರಿನ ಜೊತೆ ಉಪ್ಪೂ ಹೋಗುತ್ತದೆ. ಗಂಜಿಯಲ್ಲಿ ಅನ್ನ, ನೀರು, ಉಪ್ಪು ಮೂರೂ ಒಂದೇ ಬಟ್ಟಲಲ್ಲಿ ಸಿಗುತ್ತವೆ. ಅರ್ಧ ಗಂಟೆ ಕೂತು ಎದ್ದರೆ ಹೊಟ್ಟೆ ಭಾರವೆನಿಸದೆ ತುಳಿಯಬಹುದು. ಒಂದೇ ತೊಂದರೆ, ಎರಡು ಗಂಟೆಯಲ್ಲಿ ಮತ್ತೆ ಹಸಿವು. ಕಿಸೆಯಲ್ಲಿ ಶೇಂಗಾ ಚಿಕ್ಕಿ, ಬಾಳೆಹಣ್ಣು ಇರಲೇಬೇಕು.

ಬೆಳಗಿನ ತಿಂಡಿಗೆ ನೀರುದೋಸೆಗಿಂತ ಬನ್ಸ್ (ಬಾಳೆಹಣ್ಣು ಹಾಕಿ ಕಲಸಿ ಕರಿದ ಸಿಹಿ ಪೂರಿ) ವಾಸಿ. ಎಣ್ಣೆಯದು ನಿಜ, ಆದರೆ ಹೊತ್ತು ನಿಲ್ಲುತ್ತದೆ, ಎರಡು ಕಟ್ಟಿಸಿಕೊಂಡೂ ಹೋಗಬಹುದು.

ಬಿಸಿಲು ಏರಿದ ಮೇಲೆ ಎಲ್ಲಿ ಒರಗುವುದು? ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನೋಡುತ್ತ ಕೂರಲು ಅದಕ್ಕಿಂತ ಚಂದದ ಜಾಗ ನಾನು ಕಂಡಿಲ್ಲ. ನಿದ್ದೆ ಮಾತ್ರ ಬರಲಿಲ್ಲ: ಕಣ್ಣು ಕುಕ್ಕುವ ಬೆಳಕು, ಚೈನಿಗೆ ಅಂಟುವ ಮರಳು, ಲಾರಿಗಳ ಸದ್ದು. ಮುಂದೆ ಒಳದಾರಿಯ ದೇವಸ್ಥಾನವೊಂದರ ಜಗಲಿಯಲ್ಲಿ, ತಣ್ಣನೆಯ ನೆಲದ ಮೇಲೆ ಇಪ್ಪತ್ತೇ ನಿಮಿಷ ಮಲಗಿದೆವು. ಮರವಂತೆಯ ಒಂದು ಗಂಟೆಗಿಂತ ಅದೇ ಹೆಚ್ಚು ದಣಿವಾರಿಸಿತು.

ರಾತ್ರಿಯ ಮಾತು ಬೇರೆ. ಕುಂದಾಪುರದಲ್ಲಿ ಲಾಡ್ಜ್, ಹೊನ್ನಾವರದ ಹತ್ತಿರ ದೇವಸ್ಥಾನದ ವಸತಿಗೃಹ. ವಸತಿಗೃಹಕ್ಕೆ ಬಾಡಿಗೆ ಅರ್ಧಕ್ಕೂ ಕಡಿಮೆ, ಒಂಬತ್ತಕ್ಕೆಲ್ಲ ಸದ್ದಡಗಿ ಗಾಢ ನಿದ್ದೆ. ಆದರೂ ನನ್ನ ಆಯ್ಕೆ ಲಾಡ್ಜ್, ಅದೂ ಒಗೆದ ಬಟ್ಟೆಯ ಕಾರಣಕ್ಕೆ. ಅಲ್ಲಿ ಫ್ಯಾನ್ ಕೆಳಗೆ ಹರವಿದ ಸೈಕ್ಲಿಂಗ್ ಚಡ್ಡಿ ಬೆಳಗಿಗೆ ಗರಿಗರಿಯಾಗಿತ್ತು. ವಸತಿಗೃಹದ ಪಡಸಾಲೆಯ ಹಗ್ಗದಲ್ಲಿ ಇಬ್ಬನಿಗೆ ಇನ್ನಷ್ಟು ತೇವ ಹಿಡಿದಿತ್ತು. ಅದನ್ನೇ ತೊಟ್ಟು ಹೊರಟು, ಕುಮಟಾ ದಾಟುವಷ್ಟರಲ್ಲಿ ತೊಡೆಯ ಸಂದು ಉಜ್ಜಿ ಕೆಂಪಾಯಿತು. ಅಂಕೋಲಾದಲ್ಲಿ ಕೊಬ್ಬರಿ ಎಣ್ಣೆ ಕೊಂಡು ಹಚ್ಚಿಕೊಂಡ ಮೇಲೆಯೇ ಕಾರವಾರದವರೆಗೆ ಸೀಟಿನ ಮೇಲೆ ಕೂರಲಾದದ್ದು.