ಐದೂವರೆ ಸಾವಿರಕ್ಕೆ ಗ್ರೆಟ್ಸ್ಕಿ ಕಾರ್ಡ್ ಎಂದರೆ ನಂಬಬೇಡಿ

ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಗ್ರೆಟ್ಸ್ಕಿ ಕಾರ್ಡ್ ಎಂದು ನನಗೆ ಟೋಪಿ ಹಾಕಿದ ಮನುಷ್ಯ ಅದೇ ಕಾರ್ಡಿನ ಫೋಟೊವನ್ನು ಇನ್ನೊಬ್ಬರಿಗೂ ಕಳುಹಿಸಿದ್ದಾನೆ ಎಂದು ನಿನ್ನೆ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಐಸ್ ಹಾಕಿ ಆಟಗಾರರ ಚಿತ್ರವಿರುವ ಕಾರ್ಡ್ ಕೂಡಿಡುವವನು. ಮಂಗಳೂರಿನವನಿಗೆ ಗಡ್‌ಬಡ್ ಐಸ್‌ಕ್ರೀಮ್ ಬಿಟ್ಟರೆ ಬೇರೆ ಯಾವ ಐಸ್ ಗೊತ್ತು ಎಂದು ಮನೆಯಲ್ಲಿ ನಗುತ್ತಾರೆ, ನಗಲಿ. ತಿಂಗಳಿಗೆ 500 ರೂಪಾಯಿ, ಅದರಾಚೆ ಹೋಗುವುದಿಲ್ಲ. 1990-91ರ ಸ್ಕೋರ್, ಪ್ರೊ ಸೆಟ್ ಕಂಪನಿಗಳ ಕಾರ್ಡ್‌ಗಳನ್ನು ಲೆಕ್ಕವಿಲ್ಲದಷ್ಟು ಮುದ್ರಿಸಿದ್ದರಿಂದ ಅವು ಇಂದಿಗೂ ಅಗ್ಗ. ನನಗೆ ಅವೇ ಸಾಕಾಗಿದ್ದವು.

ಅಷ್ಟರಲ್ಲಿ ಉಡುಪಿಯ ಈತ ವಾಟ್ಸ್ಆ್ಯಪ್‌ನಲ್ಲಿ ಸಿಕ್ಕಿದ. ಕೆನಡಾದಲ್ಲಿದ್ದ ಮಾವನ ಪೆಟ್ಟಿಗೆಯಂತೆ, ಮನೆ ಖಾಲಿ ಮಾಡುತ್ತಿದ್ದಾರಂತೆ. ಬೇರೆ ಬೇರೆ ಆಟಗಾರರ 300 ಕಾರ್ಡ್, ಜತೆಗೆ ಕೆನಡಾದ ಹೆಸರಾಂತ ಆಟಗಾರ ವೇನ್ ಗ್ರೆಟ್ಸ್ಕಿಯ ಕಾರ್ಡ್, ಓ-ಪೀ-ಚೀ ಕಂಪನಿಯ 1979-80ರ ಸರಣಿಯ ನೀಲಿ ಅಂಚಿನ 18ನೇ ನಂಬರಿನದು. ಎಲ್ಲ ಸೇರಿ 5,500. ಈ ಕಾರ್ಡಿನ ಅತ್ಯುತ್ತಮ ಪ್ರತಿಯೊಂದು 2021ರಲ್ಲಿ 37.5 ಲಕ್ಷ ಡಾಲರಿಗೆ ಮಾರಾಟವಾಗಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮೂಲೆ ಸವೆದದ್ದಲ್ಲವೇ, ಪಾಪ ಇವರಿಗೆ ಬೆಲೆ ತಿಳಿದಿಲ್ಲ ಎಂದುಕೊಂಡೆ. ಟೋಪಿ ಹಾಕುತ್ತಿರುವವನು ನಾನೇ ಎಂದುಕೊಂಡಿದ್ದೆ!

ಉಡುಪಿ ಸರ್ವಿಸ್ ಬಸ್ ನಿಲ್ದಾಣ. ಜುಲೈ ಮಳೆ. ಅವನು ಕೊಟ್ಟ ಕವರಿನ ಗಂಟಿಗೆ ಕೈ ಹಾಕಿದೆ. "ಬೇಡ ಸರ್, ಇಲ್ಲಿ ತೆರೆಯಬೇಡಿ, ಎರಡು ಹನಿ ಬಿದ್ದರೆ ಕಾರ್ಡ್ ಹಾಳು" ಎಂದ. ಎಷ್ಟು ಕಾಳಜಿ ನೋಡಿ! ಯುಪಿಐನಲ್ಲಿ ಹಣ ಹಾಕಿದೆ. ಧನ್ಯವಾದ ಬೇರೆ ಹೇಳಿದೆ. ಬಸ್ಸಿನಲ್ಲಿ ಮುಲ್ಕಿ ದಾಟಿತು, ಸುರತ್ಕಲ್ ದಾಟಿತು, ಮಡಿಲಲ್ಲಿಟ್ಟ ಕವರನ್ನು ನಾನು ತೆರೆಯಲಿಲ್ಲ. ಈಗಲೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಮನೆಯಲ್ಲಿ ಬಿಡಿಸಿದರೆ 300ರಲ್ಲಿ ಬೇರೆ ಬೇರೆಯಾಗಿ ಇದ್ದದ್ದು 41. ಒಬ್ಬ ಗೋಲ್‌ಕೀಪರನದೇ 17 ಪ್ರತಿ. ಗ್ರೆಟ್ಸ್ಕಿಯ ಅಂಚು ಬ್ಲೇಡಿನಿಂದ ಕೊಯ್ದಷ್ಟು ನಯ. ಆ ವರ್ಷದ ಓ-ಪೀ-ಚೀ ಹಾಳೆಗಳನ್ನು ತಂತಿಯಿಂದ ಕತ್ತರಿಸುತ್ತಿದ್ದರು, ಅಂಚು ತರಿತರಿಯಾಗಿರಬೇಕು. ಸವೆದ ಮೂಲೆಯೊಳಗೆ ಕಾಗದ ಹೊಚ್ಚಹೊಸ ಬಿಳುಪು. ಮರುದಿನ ಹಂಪನಕಟ್ಟೆಯ ಗಡಿಯಾರ ರಿಪೇರಿಯವರಿಗೆ ಕೊಟ್ಟೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಮುದ್ರಿಸಿದ ಚಿತ್ರದಲ್ಲಿ ಚುಕ್ಕಿ ಇರುವುದು ಸರಿ, ಆದರೆ ಗಟ್ಟಿ ಬಣ್ಣದಲ್ಲಿರಬೇಕಾದ ಹಿಂಬದಿಯ ಅಕ್ಷರಗಳೂ ಚುಕ್ಕಿ ಚುಕ್ಕಿ. "ಇದು ಕಾರ್ಡಿನ ಫೋಟೊ ತೆಗೆದು ಮುದ್ರಿಸಿದ್ದು ಮಾರಾಯರೇ" ಎಂದರು. ಕಾರ್ಡ್ ಎಂದರೇನೆಂದೇ ಗೊತ್ತಿಲ್ಲದ ಮನುಷ್ಯ ಒಂದು ನಿಮಿಷದಲ್ಲಿ ಹೇಳಿದರು.

ಸಂದೇಶ ಕಳುಹಿಸಿದೆ. ಉತ್ತರ: "ಹಳೆಯ ಕಾರ್ಡ್ ಹಾಗೆಯೇ ಇರುತ್ತದೆ." ಫೋಟೊ ಕಳುಹಿಸಿದೆ. "ಗ್ರೆಟ್ಸ್ಕಿ ಎಂದು ಬರೆದಿದೆಯಲ್ಲ? ಅಸಲಿ ಎಂದು ನಾನು ಎಲ್ಲಿ ಹೇಳಿದ್ದೇನೆ?" ಹಿಂದಿನ ಸಂದೇಶಗಳನ್ನೆಲ್ಲ ಹುಡುಕಿದೆ. ನಿಜಕ್ಕೂ ಎಲ್ಲಿಯೂ ಹೇಳಿಲ್ಲ! ನಾನೂ ಕೇಳಿಲ್ಲ. ಹಣ ವಾಪಸು ಕೊಡಿ ಎಂದದ್ದಕ್ಕೆ ಕೊನೆಯ ಉತ್ತರ: "ಈ ಬೆಲೆಗೆ ನಿಮಗೆ ಅಸಲಿ ಯಾರು ಕೊಡುತ್ತಾರೆ ಸರ್?" ಆಮೇಲೆ ಬ್ಲಾಕ್. 5,500 ಎಂದರೆ ನನ್ನ 11 ತಿಂಗಳು. ಹಣಕ್ಕಿಂತ ಆ ಪ್ರಶ್ನೆ ಹೆಚ್ಚು ಚುಚ್ಚುತ್ತಿದೆ, ಏಕೆಂದರೆ ಅವನು ಕೇಳಿದ್ದರಲ್ಲಿ ತಪ್ಪಿಲ್ಲ.

ಆದ್ದರಿಂದ ಅಸಲಿಯೋ ಅಲ್ಲವೋ ಎಂದು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಅಂಚಿನ ಫೋಟೊ ತರಿಸಿಕೊಳ್ಳಿ. ಮಳೆಯಿದ್ದರೆ ಹೋಟೆಲಿನೊಳಗೆ ಕುಳಿತು ಚಹಾ ಕುಡಿಯುತ್ತಾ ಒಂದೊಂದೇ ಎಣಿಸಿ, ಅವನು ಎಷ್ಟೇ ಅವಸರ ಮಾಡಲಿ.

ಆ ಗೋಲ್‌ಕೀಪರನ 16 ಪ್ರತಿಗಳು ಯಾರಿಗಾದರೂ ಬೇಕಿದ್ದರೆ ಹೇಳಿ, ಸುಮ್ಮನೆ ಕೊಡುತ್ತೇನೆ. ಕೊರಿಯರ್ ಖರ್ಚು ನಿಮ್ಮದು.