ಹಳೆಯ ಮಡಚುವ ಚಾಕು: ಕೇಸ್, ಸ್ವಿಸ್ ಸೈನಿಕರ ಚಾಕು ಅಥವಾ ಒಪಿನೆಲ್?

ಸಂಗ್ರಹಕ್ಕೆ ಮೊದಲ ಹಳೆಯ ಚಾಕು ಯಾವುದಿರಲಿ ಎಂದು ಕೇಳಿದ್ದೀರಿ. ನಾನು ಮೊದಲು ನೋಡುವುದು, ಅದರ ಕಾಲ ಎಷ್ಟು ಸುಲಭವಾಗಿ ಗೊತ್ತಾಗುತ್ತದೆ ಎಂದು.

ಸ್ವಿಸ್ ಸೈನಿಕರ 1961ರ ಮಾದರಿಯಲ್ಲಿ ಅಲಗಿನ ಬುಡದಲ್ಲೇ ವರ್ಷದ ಕೊನೆಯ ಎರಡು ಅಂಕಿ ಇರುತ್ತದೆ. ಅಮೆರಿಕದ ಕೇಸ್ ಚಾಕುಗಳಲ್ಲಿ ಚುಕ್ಕಿ ಎಣಿಸಬೇಕು: 1970ರಲ್ಲಿ ಅಲಗಿನ ಬುಡದ ಕಂಪನಿ ಮುದ್ರೆಯ ಕೆಳಗೆ ಹತ್ತು, ಆಮೇಲೆ ವರ್ಷಕ್ಕೊಂದು ಕಡಿಮೆ; 1980ರಲ್ಲಿ ಮತ್ತೆ ಹತ್ತರಿಂದ ಶುರು, ಆಗ ಮುದ್ರೆಯ S ಅಕ್ಷರ ಮಿಂಚಿನಾಕಾರದ್ದು. ಐದು ಚುಕ್ಕಿ ಕಂಡರೆ 1975, S ಮಿಂಚಿನಂತಿದ್ದರೆ 1985. ಫ್ರಾನ್ಸಿನ ಒಪಿನೆಲ್‌ಗೆ ತಿರುಗುವ ಬೀಗದ ಉಂಗುರ ಬಂದದ್ದು 1955ರಲ್ಲಿ. ಉಂಗುರವಿಲ್ಲದ ದೊಡ್ಡ ಚಾಕು ಅದಕ್ಕಿಂತ ಹಳೆಯದು. ಚಿಕ್ಕ ಅಳತೆಗಳಿಗೆ ಇಂದಿಗೂ ಉಂಗುರವಿಲ್ಲ, ಮೋಸಹೋಗಬೇಡಿ.

ಸ್ಥಿತಿ ಅಳೆಯುವುದು ಕೇಸ್‌ನಲ್ಲೇ ಕಷ್ಟ, ಸ್ವಾರಸ್ಯವೂ ಅಲ್ಲೇ. ಸಾಣೆ ಹಿಡಿದು ಹಿಡಿದು ಅಲಗು ಸವೆದಿದ್ದರೆ, ಉಗುರು ಹಾಕುವ ಗೀರಿಗೂ ಅಂಚಿಗೂ ನಡುವಿನ ಜಾಗ ಕಿರಿದಾಗಿರುತ್ತದೆ. ಮೂಳೆಯ ಹಿಡಿಯಲ್ಲಿ ಮೊಳೆಯ ಸುತ್ತ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮಡಚಿದಾಗ ಒಳಗಿನ ಸ್ಪ್ರಿಂಗ್‌ನಿಂದ ‘ಟಕ್’ ಎನ್ನಬೇಕು, ತೆರೆದಾಗ ಅಲಗು ಅಲುಗಬಾರದು. ಅಲಗು ಬೂದು ಬಣ್ಣಕ್ಕೆ ತಿರುಗಿದ್ದರೆ ಚಿಂತೆಯಿಲ್ಲ. ತುಕ್ಕು ಕೊರೆದ ಕುಳಿ ಮಾತ್ರ ಹೋಗುವುದಿಲ್ಲ. ಪಳಪಳ ಹೊಳೆಯುತ್ತಾ ಮುದ್ರೆ ಮಸುಕಾಗಿದ್ದರೆ, ಯಾರೋ ಯಂತ್ರಕ್ಕೆ ಕೊಟ್ಟು ಉಜ್ಜಿಸಿದ್ದಾರೆ. ನಾನಾದರೆ ಅಂಥದ್ದನ್ನು ಕೊಳ್ಳುವುದಿಲ್ಲ.

ಒಪಿನೆಲ್‌ಗೆ ಸ್ಪ್ರಿಂಗೇ ಇಲ್ಲ; ಹಿಡಿಯ ಮರ ಮತ್ತು ಉಂಗುರ ನೋಡಿದರೆ ಸಾಕು. ಆದರೆ ತೇವಕ್ಕೆ ಮರ ಉಬ್ಬಿ ಅಲಗು ಸಿಕ್ಕಿಕೊಳ್ಳುತ್ತದೆ, ಹಳೆಯ ಕಾರ್ಬನ್ ಉಕ್ಕು ತುಕ್ಕೂ ಹಿಡಿಯುತ್ತದೆ. ಕರಾವಳಿ, ಮಲೆನಾಡಿನವರಿಗೆ ಅಲ್ಯೂಮಿನಿಯಂ ಹಿಡಿಯ ಸ್ವಿಸ್ ಚಾಕುವೇ ನೆಮ್ಮದಿ. ಕೈ ಬಿಗಿಯಿದ್ದರೆ ಒಪಿನೆಲ್. ಮುದ್ರೆ ಓದುತ್ತಾ ವರ್ಷಗಟ್ಟಲೆ ಕಲಿಯುವ ಆಸೆಯಿದ್ದರೆ ಕೇಸ್, ಹೆಚ್ಚು ದುಡ್ಡು ಕೇಳಿದರೂ.