ಕೋಳಿ ಆಹಾರಕ್ಕೆ ಯಾವ ಸತು: ಲವಣವೇ, ಚೀಲೇಟೇ, ನ್ಯಾನೋ ಪುಡಿಯೇ?

ಬ್ರಾಯ್ಲರ್ ಮರಿಗೆ ಕಿಲೋ ಆಹಾರಕ್ಕೆ 40 ಮಿಲಿಗ್ರಾಂ ಸತು ಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಹೇಳಿತು. ರೂಢಿಯಲ್ಲಿ ಬೆರೆಸುವುದು ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಮೆಕ್ಕೆಜೋಳ, ಸೋಯಾ ಹಿಂಡಿಗಳಲ್ಲಿರುವ ಫೈಟೇಟ್ ಎಂಬ ರಂಜಕದ ಸಂಯುಕ್ತ ಕರುಳಿನಲ್ಲಿ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀರಿಕೆಯಾಗದ ಸತು ಹಿಕ್ಕೆಯ ಜೊತೆ ಮಣ್ಣು ಸೇರುತ್ತದೆ. ಈ ಪೋಲನ್ನು ಯಾವುದು ತಗ್ಗಿಸುತ್ತದೆ ಎಂಬುದೇ ಆಯ್ಕೆಯ ಮುಖ್ಯ ಪ್ರಶ್ನೆ.

ಲವಣವೆಂದರೆ ಹೆಚ್ಚಾಗಿ ಸತುವಿನ ಸಲ್ಫೇಟ್. ಅದು ಅಗ್ಗ, ಆಕ್ಸೈಡಿಗಿಂತ ಚೆನ್ನಾಗಿ ಕರಗುತ್ತದೆ. ಆದರೆ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ, ಪ್ರೀಮಿಕ್ಸ್‌ನಲ್ಲಿರುವ (ಆಹಾರಕ್ಕೆ ಬೆರೆಸುವ ವಿಟಮಿನ್-ಖನಿಜ ಮಿಶ್ರಣ) ವಿಟಮಿನ್‌ಗಳನ್ನೂ ಕೆಡಿಸಬಲ್ಲದು.

ಚೀಲೇಟ್‌ನಲ್ಲಿ ಸತು ಮಿಥಿಯೋನಿನ್ ಅಥವಾ ಗ್ಲೈಸಿನ್‌ನಂಥ ಅಮೈನೋ ಆಮ್ಲಕ್ಕೆ ಬೆಸೆದಿರುವುದರಿಂದ ಫೈಟೇಟಿನ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ. ದುಬಾರಿ ಹೌದು, ಆದರೆ ಕಡಿಮೆ ಪ್ರಮಾಣ ಸಾಕಾಗಬಹುದು.

ನ್ಯಾನೋ ಸತುವಿನ ಆಕ್ಸೈಡ್‌ನ ಕಣಗಳು 1ರಿಂದ 100 ನ್ಯಾನೋಮೀಟರ್. ತೂಕ ಅಷ್ಟೇ ಇದ್ದರೂ ಹೊರಮೈ ಹಲವು ಪಟ್ಟು ಹೆಚ್ಚು. ಹೊಟ್ಟೆಯ ಆಮ್ಲದಲ್ಲಿ ಬೇಗ ಕರಗುತ್ತದೆ, ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ. ತೊಡಕು ಇಲ್ಲೇ ಇದೆ: ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾದರೆ ಆ ಲಾಭ ಕರಗಿಹೋಗುತ್ತದೆ. ತಯಾರಿಕಾ ವಿಧಾನ, ಗಾತ್ರ, ಲೇಪನ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ. ಅತಿಯಾದರೆ ಯಕೃತ್ತಿಗೆ ಹಾನಿ. ಬೆರೆಸುವವರು ಆ ಧೂಳನ್ನು ಉಸಿರಾಡುವುದಂತೂ ಸಲ್ಲದು, ಮುಖಗವಸು ಬೇಕೇ ಬೇಕು.

ನನ್ನ ಆಯ್ಕೆ: ಸಾಮಾನ್ಯ ಆಹಾರಕ್ಕೆ ಸಲ್ಫೇಟ್ ಜೊತೆ ಫೈಟೇಟನ್ನು ಒಡೆಯುವ ಫೈಟೇಸ್ ಕಿಣ್ವ; ತಳಿಕೋಳಿ, ಎಳೆಮರಿಗಳಿಗೆ ಸಲ್ಫೇಟಿನ ಒಂದು ಭಾಗದ ಬದಲು ಚೀಲೇಟ್. ನ್ಯಾನೋ ಕೊಳ್ಳುವ ಮುನ್ನ ಕಣಗಾತ್ರದ ವರದಿ, ಮಾಂಸ ಮತ್ತು ಮೊಟ್ಟೆಯಲ್ಲಿ ಉಳಿಕೆಯ ಪರೀಕ್ಷೆ, ಬಳಕೆಗೆ ಅನುಮತಿ ಮೂರನ್ನೂ ಕೇಳಿ.